ಜೆಟ್ ದೋಣಿ ಸೋರಿದರೆ: ಎಲ್ಲಿ ಅನ್ನುವ ಮೊದಲು ಯಾವಾಗ ಅಂತ ಕೇಳಿ

ಆನೆಗೊಂದಿ ದಡದಲ್ಲಿ ಹರಿಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುವುದನ್ನು ನೋಡಿದವರಿಗೆ ದೋಣಿ ಸೋರುವುದು ದೊಡ್ಡ ಸಂಗತಿಯಲ್ಲ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಸಿದ ಡಾಂಬರು. ಹಿಂದಿನ ಕಾಲಕ್ಕೆ ಹಾಳೆಯ ಜಾಗದಲ್ಲಿ ಚರ್ಮ ಇತ್ತು, ಅಷ್ಟೇ ವ್ಯತ್ಯಾಸ. ನೀರು ಒಸರಿದರೆ ಬೋರಲು ಹಾಕು, ಒಣಗಿಸು, ಇನ್ನೊಂದು ಕೈ ಬಳಿ. ಹರಿಗೋಲಿಗೆ ಇರುವುದು ಒಂದೇ ತೊಗಲು. ಅದು ಸೋರುವ ಬಗೆಯೂ ಒಂದೇ.

ತಳದಿಂದ ನೀರು ಹೀರಿ, ಹಿಂದಿನ ಮೂತಿಯಿಂದ ಚಿಮ್ಮಿಸಿ ಮುಂದೆ ಓಡುವುದು ಜೆಟ್ ದೋಣಿ. ಮನೆಯಲ್ಲೇ ಕಟ್ಟಿದ ಅಲ್ಯೂಮಿನಿಯಂ ಜೆಟ್ ದೋಣಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಅದರ ತಳದಲ್ಲಿ, ಹಿಂಬದಿಯಲ್ಲಿ ನಾವೇ ಬೇಕೆಂದು ಕೊರೆದ ತೂತುಗಳು ಏಳೆಂಟಾದರೂ ಇರುತ್ತವೆ. ಪಂಪು ನೀರು ಹೀರುವ ದೊಡ್ಡ ಬಾಯಿ, ಶಾಫ್ಟ್ ಹಾಯುವ ತೂತು, ಸ್ಟೀರಿಂಗ್ ಮತ್ತು ರಿವರ್ಸ್ ಕೇಬಲ್ಲಿನವು, ಹೊಗೆ ಹೋಗುವುದು, ಎಂಜಿನ್ ತಂಪು ಮಾಡುವ ನೀರು ಬರುವುದು ಹೋಗುವುದು, ಡ್ರೈನ್ ಪ್ಲಗ್. ಜೊತೆಗೆ ಬೆಸುಗೆಯದೋ ರಿವೆಟ್ಟಿನದೋ ಹೊಲಿಗೆ ಹತ್ತಾರು ಅಡಿ. ನೀರು ಕಂಡ ತಕ್ಷಣ ಸೀಲೆಂಟ್ ಟ್ಯೂಬ್ ಹಿಡಿದು ಸಂದಿಗೆಲ್ಲ ಮೆತ್ತಿದರೆ ಸೋರಿಕೆ ನಿಲ್ಲುವುದಿಲ್ಲ. ಮುಂದೆ ನಿಜವಾದ ಜಾಗ ಹುಡುಕುವುದೂ ಕಷ್ಟವಾಗುತ್ತದೆ. ಆದ್ದರಿಂದ ನೀರು ಎಲ್ಲಿಂದ ಬಂತು ಎನ್ನುವುದಕ್ಕಿಂತ ಮೊದಲು ಯಾವಾಗ ಬಂತು ಎಂದು ಗೊತ್ತುಮಾಡಿಕೊಳ್ಳಬೇಕು. ಸುಮ್ಮನೆ ನಿಂತಾಗಲೋ, ಎಂಜಿನ್ ಓಡುವಾಗಲೋ, ವೇಗ ಹಿಡಿದಾಗಲೋ, ಓಡಿಸಿ ನಿಲ್ಲಿಸಿದ ಮೇಲೋ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ತುಂಗಭದ್ರೆಯಂಥ ಹೊಳೆಗೆ ಜೆಟ್ ಹೊಂದುವುದಕ್ಕೆ ಕಾರಣ ಕಲ್ಲು. ಅಣೆಕಟ್ಟಿನ ಕೆಳಗೆ ಮುನಿರಾಬಾದಿನಿಂದ ಕಂಪ್ಲಿವರೆಗೆ ನೀರಿನ ಮೇಲೆ ಕಾಣುವ ಬಂಡೆಗಿಂತ ಕಾಣದ ಬಂಡೆಯೇ ಹೆಚ್ಚು. ಪ್ರೊಪೆಲ್ಲರ್ ದೋಣಿಯ ತಳಕ್ಕಿಂತ ಕೆಳಗೆ ಜೋತುಬಿದ್ದಿರುತ್ತದೆ. ಕಲ್ಲಿಗೆ ಬಡಿದರೆ ಮುಗಿಯಿತು. ಜೆಟ್ಟಿನಲ್ಲಿ ತಿರುಗುವುದೆಲ್ಲ ಒಳಗಿರುತ್ತದೆ. ಇಂಥದೇ ಆಳವಿಲ್ಲದ, ಕಲ್ಲು ತುಂಬಿದ ಹೊಳೆಗಳಿಗಾಗಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ದೋಣಿಯನ್ನು ರೂಢಿಗೆ ತಂದರು. 1960ರಲ್ಲಿ ಅವರ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಕೊಲರಾಡೊ ನದಿಯನ್ನು ಎದುರು ಪ್ರವಾಹದಲ್ಲಿ ಏರಿದವು. ಈಗ ಹವ್ಯಾಸಿಗಳು ಹಳೆಯ ವಾಟರ್ ಸ್ಕೂಟರಿನ ಎಂಜಿನ್ನು, ಪಂಪು ಬಿಚ್ಚಿ 12ರಿಂದ 14 ಅಡಿಯ ಅಲ್ಯೂಮಿನಿಯಂ ಒಡಲಿಗೆ ಕೂರಿಸುತ್ತಾರೆ.

ಹೆಸರು ಜೆಟ್ ಆದರೂ ಮೂಲದಲ್ಲಿ ಇದು ಒಂದು ಪಂಪ್‌ಸೆಟ್. ಗಂಗಾವತಿ, ಸಿಂಧನೂರಿನ ಗದ್ದೆಗಳಿಗೆ ನೀರೆತ್ತುವ ಪಂಪಿಗೆ ಸಕ್ಷನ್, ಡೆಲಿವರಿ ಎಂದು ಎರಡು ಕಡೆ ಇರುವಂತೆ ಇದಕ್ಕೂ ಇವೆ. ನೀರು ತಳ್ಳುವ ರೆಕ್ಕೆಚಕ್ರ ಇಂಪೆಲ್ಲರ್. ಅದರ ಮುಂದೆ, ತಳದ ಜಾಲರಿಯಿಂದ ಬರುವ ಸುರಂಗ ಸಕ್ಷನ್. ಇಂಪೆಲ್ಲರಿನ ಹಿಂದೆ ಮೂತಿವರೆಗೆ ಡೆಲಿವರಿ. ಡೆಲಿವರಿ ಕಡೆ ಸಂದಿ ಬಿಟ್ಟರೆ ನೀರು ಹೊರಗೆ ಚಿಮ್ಮುತ್ತದೆ. ಸಕ್ಷನ್ ಕಡೆ ಬಿಟ್ಟರೆ ಪಂಪು ಗಾಳಿ ಎಳೆಯುತ್ತದೆ. ಸಕ್ಷನ್ ಪೈಪಿನ ಜಾಯಿಂಟಿಗೆ ಹಸಿ ಕೆಸರು ಮೆತ್ತಿ ಗಾಳಿ ಎಳೆಯುವ ಜಾಗ ಹುಡುಕುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಜೆಟ್ ದೋಣಿಯ ವಿಚಾರದಲ್ಲಿ ಜನ ಮರೆಯುವುದು ಇದನ್ನೇ: ಒಳಗೆ ಒಂದು ಹನಿ ನೀರಿಲ್ಲದೆಯೂ ದೋಣಿ ಸೋರುತ್ತಿರಬಹುದು. ಎಂಜಿನ್ ಕಿರುಚುತ್ತದೆ, ಆರ್‌ಪಿಎಂ ಏರುತ್ತದೆ, ಪಂಪಿನಲ್ಲಿ ಜಲ್ಲಿ ಅಲುಗಾಡಿದ ಸದ್ದು, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಮೊದಲು ಜಾಲರಿಗೆ ಜೊಂಡು, ಹಗ್ಗ, ಪ್ಲಾಸ್ಟಿಕ್ ಸುತ್ತಿಕೊಂಡಿದೆಯೇ ನೋಡಿ. ಅದಿಲ್ಲವೆಂದರೆ ಇಂಪೆಲ್ಲರ್ ಮತ್ತು ಅದರ ಸುತ್ತಿನ ವೇರ್ ರಿಂಗಿನ ನಡುವಿನ ಸಂದು ಅಳೆಯಿರಿ. ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಲ್ಲಿ 0.3 ಮಿ.ಮೀ. ಆಸುಪಾಸು ಇದ್ದರೆ ಸರಿ, 1 ಮಿ.ಮೀ. ಮುಟ್ಟಿದ್ದರೆ ಮರಳು ಅದನ್ನು ತಿಂದುಹಾಕಿದೆ. ಅದೂ ಸರಿ ಇದ್ದರೆ ಪಂಪು ಗಾಳಿ ಎಳೆಯುತ್ತಿದೆ.

ಶಾಫ್ಟ್ ಸೀಲನ್ನು ಹಿಡಿದು ನೋಡಿದರೆ ‘ಯಾವಾಗ’ ಎಂಬ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಎಂಜಿನ್ನಿನಿಂದ ಬರುವ ಶಾಫ್ಟು ಸುರಂಗದ ಗೋಡೆ ತೂರಿ ಇಂಪೆಲ್ಲರಿಗೆ ಹೋಗುತ್ತದೆ. ಆ ಜಾಗ ನೀರಿನ ಮಟ್ಟದ ಕೆಳಗಿದೆ. ದೋಣಿ ನಿಂತಿದ್ದರೆ ಸವೆದ ಸೀಲಿನಿಂದ ನೀರು ಒಳಗೆ ತೊಟ್ಟಿಕ್ಕುತ್ತದೆ. ನಿಂತಲ್ಲಿಂದ ಎಕ್ಸಲರೇಟರ್ ಒತ್ತಿದರೆ ಇಂಪೆಲ್ಲರ್ ಹೀರುವ ರಭಸಕ್ಕೆ ಸುರಂಗದಲ್ಲಿ ಒತ್ತಡ ಇಳಿಯುತ್ತದೆ. ಅದೇ ಸೀಲು ಈಗ ದೋಣಿಯೊಳಗಿನ ಗಾಳಿಯನ್ನು ಪಂಪಿಗೆ ಬಿಡುತ್ತದೆ. ದೋಣಿ ವೇಗ ಹಿಡಿದ ಮೇಲೆ ಎದುರು ನೀರು ತಾನೇ ಬಾಯಿಗೆ ನುಗ್ಗಿ ಒತ್ತಡ ಏರುತ್ತದೆ, ಆಗ ಅದೇ ಸೀಲಿನಿಂದ ನೀರು ಶಾಫ್ಟಿನ ಸುತ್ತ ಚಕ್ರದಂತೆ ಚಿಮ್ಮುತ್ತದೆ. ತೂತು ಒಂದೇ, ಲಕ್ಷಣ ಮೂರು. ಎಂಜಿನ್ ಕೋಣೆಯ ಗೋಡೆಯ ಮೇಲೆ ಶಾಫ್ಟಿಗೆ ಅಡ್ಡವಾಗಿ ಒಂದು ಗೆರೆಯಂತೆ ಒದ್ದೆಯೋ ಕಪ್ಪು ಪುಡಿಯೋ ಕಂಡರೆ ಬೇರೆಲ್ಲೂ ಹುಡುಕಬೇಕಿಲ್ಲ.

ಉಳಿದವನ್ನು ಬೇಗ ಹೇಳಬಹುದು. ಸುಮ್ಮನೆ ನಿಂತ ದೋಣಿಗೆ ಒಂದೇ ಸಮನೆ ನೀರು ಬಂದರೆ ಬೆಸುಗೆ, ರಿವೆಟ್, ಪಂಪಿನ ಬಾಯಿಯ ಚೌಕಟ್ಟು, ಡ್ರೈನ್ ಪ್ಲಗ್ಗಿನ ರಬ್ಬರ್ ಉಂಗುರ (ಓ-ರಿಂಗ್). ಎಂಜಿನ್ ಓಡುವಾಗ ಮಾತ್ರ ಬಂದು, ಆರ್‌ಪಿಎಂ ಏರಿದಷ್ಟೂ ಹೆಚ್ಚಾದರೆ ತಂಪು ನೀರಿನ ಹೋಸು. ಅದಕ್ಕೆ ನೀರು ಬರುವುದು ಪಂಪಿನ ಡೆಲಿವರಿ ಕಡೆಯಿಂದ. ಒಂದು ಅರ್ಧ ಇಂಚಿನ ಹೋಸು ಕಳಚಿಕೊಂಡರೆ ನಿಮಿಷಕ್ಕೆ ಹತ್ತಾರು ಲೀಟರ್ ಸುರಿಯುತ್ತದೆ. ದೋಣಿ ಮುಳುಗಿಸುವ ಸೋರಿಕೆ ಹೆಚ್ಚಾಗಿ ಇದೇ, ಸೂಜಿ ತೂತಲ್ಲ. ತಿರುವಿನಲ್ಲಿ, ಅಲೆಯಲ್ಲಿ ಮಾತ್ರ ಬಂದರೆ ಕೇಬಲ್ಲಿನ ರಬ್ಬರ್ ಬೂಟು. ಓಡಿಸಿ ನಿಲ್ಲಿಸಿದ ಮೇಲೆ ಬಂದರೆ ಬೇಲರ್ ಪೈಪು: ತಳದ ನೀರನ್ನು ಹೀರಿ ಹೊರಹಾಕಬೇಕಾದ ಆ ಸಣ್ಣ ಕೊಳವೆ, ನಡುವೆ ನೀರಿನ ಮಟ್ಟಕ್ಕಿಂತ ಮೇಲೆ ಬಾಗದಿದ್ದರೆ ಎಂಜಿನ್ ನಿಂತೊಡನೆ ಸೈಫನ್ ಆಗಿ ಹೊಳೆಯನ್ನೇ ಒಳಗೆ ಎಳೆಯುತ್ತದೆ. ಕೊಳವೆಯನ್ನು ಡೆಕ್ಕಿನ ಎತ್ತರಕ್ಕೆ ಏರಿಸಿ, ಅತಿ ಎತ್ತರದ ಬಾಗಿನಲ್ಲಿ 2 ಮಿ.ಮೀ. ಗಾಳಿತೂತು ಕೊರೆದರೆ ಅದು ನಿಲ್ಲುತ್ತದೆ.

ಇನ್ನು ಜಾಗ ಹುಡುಕುವುದು. ಹೊರಗಿನ ನೀರು ಒಳಗೆ ಬರುವುದನ್ನು ಕಾಯುವುದಕ್ಕಿಂತ ಒಳಗೆ ನೀರು ತುಂಬಿಸಿ ಹೊರಗೆ ನೋಡುವುದು ಸುಲಭ. ಆದರೆ ಭಾರ ಲೆಕ್ಕ ಹಾಕಿ. 3.6 ಮೀಟರ್ ಉದ್ದ, 1.2 ಮೀಟರ್ ಅಗಲದ ತಳದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ 430 ಕಿಲೊ. ಟ್ರಾಲಿಯ ಎರಡು ಅಡ್ಡಪಟ್ಟಿಯ ಮೇಲೆ ಇಷ್ಟು ಹೇರಿದರೆ ಹೊಸ ಬಿರುಕು ಬರುತ್ತದೆ. ಪಕ್ಕೆಲುಬುಗಳ ನೇರಕ್ಕೆ ಆರು ಕಡೆಯಾದರೂ ಮರದ ತುಂಡು ಮತ್ತು ಹಳೆಯ ಟೈರಿನ ರಬ್ಬರ್ ಕೊಟ್ಟು, ದೋಣಿ ಸಮನಾಗಿ ಕೂತ ಮೇಲೆ ನೀರು ಬಿಡಿ. ಅದಕ್ಕೂ ಮೊದಲು ಹೊರಗಿನ ತಳ ಪೂರ್ತಿ ಒಣಗಿರಬೇಕು. ಬೆಸುಗೆಯ ಗೆರೆ, ರಿವೆಟ್ಟಿನ ತಲೆ, ಬೋಲ್ಟುಗಳ ಸುತ್ತ ರಂಗೋಲಿ ಪುಡಿಯನ್ನು ಬ್ರಷ್ಷಿನಲ್ಲಿ ತೆಳ್ಳಗೆ ಸವರಿ. ಬಣ್ಣದ್ದು ಬೇಡ, ಬಿಳಿಯದೇ ಸಾಕು. ಸುಣ್ಣ ಮಾತ್ರ ಬೇಡವೇ ಬೇಡ. ಕ್ಷಾರ ಅಲ್ಯೂಮಿನಿಯಂಗೆ ಹಗೆ. ಸೋರುವ ಜಾಗದಲ್ಲಿ ಪುಡಿ ಒದ್ದೆಯಾಗಿ ಗಾಢ ಚುಕ್ಕೆ ಮೂಡುತ್ತದೆ. ಚುಕ್ಕೆಯ ಮೇಲ್ತುದಿಗೆ ಗುರುತು ಹಾಕಿ. ಕೆಳತುದಿ ನೀರು ಹರಿದು ಬಂದ ಜಾಗವಷ್ಟೇ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಸಣ್ಣವು ತಡವಾಗಿ ತೋರುತ್ತವೆ.

ನೀರಿಗೂ ಸಿಗದ ಕೂದಲೆಳೆಯ ಬಿರುಕಿಗೆ ಡೈ ಪೆನಿಟ್ರಂಟ್ ಡಬ್ಬಿಗಳಿವೆ: ತೊಳೆಯುವುದು, ಕೆಂಪು ಬಣ್ಣ, ಬಿಳಿ ಪುಡಿ. ಕೆಂಪು ಹೊಡೆದು 10ರಿಂದ 20 ನಿಮಿಷ ಬಿಟ್ಟು, ಒರೆಸಿ, ಬಿಳಿ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು ನಮ್ಮ ಮಟ್ಟದ ಕೆಲಸದಲ್ಲಿ ಇಷ್ಟು ನಂಬುವಂಥ ದಾರಿ ಬೇರೆ ಇಲ್ಲ.

ದೋಣಿ ತೇಲಲು ಇಟ್ಟ ಮುಚ್ಚಿದ ಗಾಳಿಪೆಟ್ಟಿಗೆಗಳಿದ್ದರೆ ಸೋಪುನೀರು ಹಚ್ಚಿ ಗಾಳಿ ತುಂಬಿಸಿ ನೋಡುವುದುಂಟು. ಇಲ್ಲಿ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋಡಿಸಿದರೆ ಅಪಾಯ. ಒಂದು ಚದರ ಮೀಟರ್ ತಗಡಿನ ಮೇಲೆ ಬರೀ 0.2 ಬಾರ್ ಒತ್ತಡ ಅಂದರೆ ಎರಡು ಟನ್ ಬಲ. ಪೆಟ್ಟಿಗೆ ಉಬ್ಬಿ ಬೆಸುಗೆ ಹರಿಯುತ್ತದೆ, ಎದುರು ನಿಂತವರಿಗೂ ಪೆಟ್ಟು. ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಪೆಟ್ಟಿಗೆಗೆ ಜೋಡಿಸಿ. ಎರಡು ಕಡೆಯ ನೀರಿಗೆ 20 ಸೆಂಟಿಮೀಟರ್ ವ್ಯತ್ಯಾಸ ಬರುವಷ್ಟು ಊದಿದರೆ ಸಾಕು, ಅದು 0.02 ಬಾರ್. ಸಕ್ಷನ್ ಕಡೆಯ ಗಾಳಿ ಸೋರಿಕೆಗೆ ಇದರ ತಿರುಗುಮುರುಗು: ತಳದ ಬಾಯಿಗೆ ರಬ್ಬರ್ ಹಾಳೆ ಒತ್ತಿದ ಹಲಗೆ ಮುಚ್ಚಿ, ಮೂತಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು, ಚೌಕಟ್ಟಿನ ಅಂಚಿಗೂ ಶಾಫ್ಟ್ ಸೀಲಿಗೂ ಶೇವಿಂಗ್ ನೊರೆ ಹಚ್ಚಿ. ನೊರೆ ಒಳಗೆ ಕುಸಿದ ಜಾಗವೇ ಪಂಪು ಗಾಳಿ ಎಳೆಯುವ ಜಾಗ. ಗದ್ದೆಯ ಕೆಸರಿನ ವಿದ್ಯೆಯೇ ಇದು.

ಜಾಗ ಸಿಕ್ಕ ಮೇಲೆ ಬೆಸುಗೆಯ ಬಿರುಕಿನಿಂದ ಶುರು ಮಾಡಬೇಕು, ಬಿಸಿಯ ಕೆಲಸವೆಲ್ಲ ರಬ್ಬರು ಸೀಲೆಂಟಿಗಿಂತ ಮೊದಲು ಮುಗಿಯಬೇಕು. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿದರೆ ಸಾಲದು, ದೋಣಿಯಿಂದಲೇ ತೆಗೆದು ದೂರ ಇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಬ್ಯಾಟರಿ ತೆಗೆಯಿರಿ. ತೇಲುವುದಕ್ಕೆ ತುಂಬಿದ ಫೋಮ್ ಬೆಸುಗೆಯ ಹತ್ತಿರ ಇದ್ದರೆ ಒಂದು ಗೇಣಿಗಿಂತ ದೂರದವರೆಗೆ ಕೆತ್ತಿ ತೆಗೆಯಿರಿ, ಸುಟ್ಟರೆ ಅದರ ಹೊಗೆ ವಿಷ.

ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ಕಡೆ ವೆಲ್ಡರುಗಳಿಗೆ ಬರವಿಲ್ಲ, ಆದರೆ ಹೆಚ್ಚಿನವರ ಕೈ ಪಳಗಿರುವುದು ಕಬ್ಬಿಣದಲ್ಲಿ. ಕೊಡುವ ಮೊದಲು ಮೂರು ವಿಷಯ ಕೇಳಿ. ಗ್ಯಾಸ್ ಶುದ್ಧ ಆರ್ಗಾನ್ ಇದೆಯೇ? ಕಬ್ಬಿಣಕ್ಕೆ ಬಳಸುವ ಇಂಗಾಲದ ಡೈ ಆಕ್ಸೈಡ್ ಅಥವಾ ಅದರ ಮಿಶ್ರಣ ಅಲ್ಯೂಮಿನಿಯಂಗೆ ನಡೆಯುವುದಿಲ್ಲ. ಟಿಗ್ (ಆರ್ಗಾನ್ ಬೆಸುಗೆಯ) ಮಶೀನಿನಲ್ಲಿ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು, ಇದೆಯೇ? ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಆ ಪದರವನ್ನು ಒಡೆಯುವುದು ಎಸಿ. ಮೂರನೆಯದು, ಕಬ್ಬಿಣ ಮುಟ್ಟದ ಸ್ಟೇನ್‌ಲೆಸ್ ಬ್ರಷ್ಷು ಮತ್ತು ಗ್ರೈಂಡಿಂಗ್ ಡಿಸ್ಕ್ ಬೇರೆ ಇಟ್ಟಿದ್ದಾರೆಯೇ. ಕಬ್ಬಿಣದ ಕಣ ತಗಡಿಗೆ ಹತ್ತಿದರೆ ಅಲ್ಲಿ ಹೊಸ ಗುಂಡಿ ಏಳುತ್ತದೆ.

ದೋಣಿಯ ತಳಕ್ಕೆ 5052 ಅಥವಾ 5083 ದರ್ಜೆಯ 3 ಮಿ.ಮೀ. ತಗಡು ಸರಿಯಾದದ್ದು, ಅದಕ್ಕೆ 5356 ಫಿಲ್ಲರ್ (ಬೆಸುಗೆಯ ಕಡ್ಡಿ). ಕಿಟಕಿ ಸೆಕ್ಷನ್, ಪಾತ್ರೆ ತಗಡು ಬೆಸೆದು ತೇಪೆ ಹಾಕುವುದು ಬೇಡ. ಕಿಟಕಿಯದು ಬೆಸುಗೆಯ ಪಕ್ಕದಲ್ಲಿ ಮೆತ್ತಗಾಗುತ್ತದೆ, ಪಾತ್ರೆಯದು ಮೊದಲಿನಿಂದಲೂ ಮೆತ್ತಗೆ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಬೆಸುಗೆಯಾಚೆಗೆ ಸೀಳು ಓಡುತ್ತದೆ. ಲೋಹ ಕೆತ್ತುವ ಕಾರ್ಬೈಡ್ ಬರ್‌ನಿಂದ ವಿ ಆಕಾರದ ಕಾಲುವೆ ಮಾಡಿ, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬ್ರಷ್. ಈ ಕ್ರಮ ತಿರುವುಮುರುವಾದರೆ ಬ್ರಷ್ಷು ಎಣ್ಣೆಯನ್ನು ಲೋಹದೊಳಗೇ ತಿಕ್ಕುತ್ತದೆ. ಬಿರುಕಿನಲ್ಲಿ ಅಡಗಿದ ತೇವ ಬೆಸುಗೆಯಲ್ಲಿ ಹೈಡ್ರೋಜನ್ ಗುಳ್ಳೆಯಾಗಿ, ಮತ್ತೆ ಸೂಜಿ ತೂತಾಗುತ್ತದೆ. ಬಿಸಿಗಾಳಿ ಗನ್ನಿನಿಂದ 60 ಡಿಗ್ರಿವರೆಗೆ ಕಾಸಿ, ಅದಕ್ಕಿಂತ ಹೆಚ್ಚು ಬೇಡ. 3 ಮಿ.ಮೀ. ತಗಡಿಗೆ 110ರಿಂದ 140 ಆಂಪಿಯರ್, ಆರ್ಗಾನ್ ನಿಮಿಷಕ್ಕೆ 8ರಿಂದ 12 ಲೀಟರ್. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಬೆಸೆಯುವುದು ದಂಡ, ಗ್ಯಾಸ್ ಹಾರಿಹೋಗುತ್ತದೆ. ಬೆಸುಗೆ ಮುಗಿಸುವಾಗ ಒಮ್ಮೆಲೇ ಟಾರ್ಚ್ ಎತ್ತಿದರೆ ಕೊನೆಯ ಗುಳಿಯಲ್ಲಿ ನಕ್ಷತ್ರದಂಥ ಬಿರುಕು ಉಳಿಯುತ್ತದೆ. ಮನೆಗೆಲಸದ ದೋಣಿಗಳಲ್ಲಿ ರಂಗೋಲಿ ಪುಡಿ ಮೊದಲು ಒದ್ದೆಯಾಗುವುದು ಈ ಗುಳಿಗಳಲ್ಲೇ.

ಬಿರುಕು ಮುಚ್ಚುವುದಕ್ಕಿಂತ ಅದು ಯಾಕೆ ಬಂತು ಎನ್ನುವುದು ದೊಡ್ಡದು. ಹೆಚ್ಚಿನವು ಹುಟ್ಟುವುದು ಪಕ್ಕೆಲುಬು ಅಥವಾ ಎಂಜಿನ್ ಪೀಠದ ಪಟ್ಟಿ ತಗಡಿನ ನಡುವೆ ಥಟ್ಟನೆ ಮುಗಿಯುವಲ್ಲಿ. ಗಟ್ಟಿ ಜಾಗಕ್ಕೂ ಮೆತ್ತನೆ ಜಾಗಕ್ಕೂ ನಡುವಿನ ಆ ಗೆರೆಯಲ್ಲಿ ತಗಡು ದಿನವೂ ಬಾಗಿ ಬಾಗಿ ದಣಿಯುತ್ತದೆ. ಅಲ್ಲಿ ಬರೀ ಬಿರುಕನ್ನು ಬೆಸೆದರೆ ಹೊಸದು ಒಂದು ಅಂಗುಲ ಆಚೆ ಬರುತ್ತದೆ. ಪಟ್ಟಿಯ ತುದಿಯನ್ನು ಇಳಿಜಾರಾಗಿ ಕತ್ತರಿಸಿ, ಮುಂದಿನ ಅಡ್ಡಪಟ್ಟಿಗೆ ಕೂಡಿಸಬೇಕು. ತೇಪೆಯ ಮೂಲೆಗಳು 25 ಮಿ.ಮೀ. ತ್ರಿಜ್ಯದಲ್ಲಾದರೂ ದುಂಡಗಿರಲಿ. ಪಂಪಿನ ಬಾಯಿಯ ಮುಂದಿನ ಒಂದು ಮೀಟರಿನಲ್ಲಿ ತೇಪೆ ಒಳಗಿನಿಂದಲೇ ಹಾಕಬೇಕು; ಹೊರಗೆ ಏನು ಉಬ್ಬಿದ್ದರೂ ಅದರ ಹಿಂದೆ ಗಾಳಿಗುಳ್ಳೆ ಎದ್ದು ನೇರ ಪಂಪಿಗೆ ಹೋಗುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಕರಗಿಸಿ ಹಾಕುವ ಸತು ಬೆರೆತ ಕಡ್ಡಿಗಳು ಡಬ್ಬಿಯ ತೂತಿಗೆ ಸರಿ, ನಡುಗುವ ತಳಕ್ಕೆ ಅಲ್ಲ. ಮನೆಯ ನಲ್ಲಿಗೆ ಹಾಕುವ ಎಂ-ಸೀಲ್ ಕೂಡ ದಡ ಸೇರಿಸುವಷ್ಟು ಹೊತ್ತಿಗೆ ಮಾತ್ರ. ಅದು ಗಟ್ಟಿ, ತಗಡು ಬಾಗುತ್ತದೆ.

ರಿವೆಟ್ ದೋಣಿಯಾದರೆ ಮೊದಲು ನೋಡಬೇಕಾದ್ದು ಬಾಗಿಲಿಗೆ ಹೊಡೆಯುವ ಸಾಮಾನ್ಯ ಪಾಪ್ ರಿವೆಟ್ ಬಳಸಿದ್ದಾರೆಯೇ ಎಂದು. ಅದರ ನಡುವೆ ತೂತೇ ಇರುತ್ತದೆ, ಮೊಳೆ ಉದುರಿದ ದಿನ ನೀರು. 3 ಮಿ.ಮೀ. ತೂತು ನೀರಿನ ಮಟ್ಟದಿಂದ 20 ಸೆಂಟಿಮೀಟರ್ ಕೆಳಗಿದ್ದರೆ ಗಂಟೆಗೆ ಸುಮಾರು 30 ಲೀಟರ್ ಒಳಬರುತ್ತದೆ. ಕೊರೆದು ತೆಗೆದು, ತುದಿ ಮುಚ್ಚಿದ ರಿವೆಟ್ಟನ್ನು ಸೀಲೆಂಟಿನಲ್ಲಿ ಅದ್ದಿ ಹಾಕಿ. ಗಟ್ಟಿ ರಿವೆಟ್ಟು ಸಡಿಲಾಗಿದ್ದರೆ ಹೊರಗೊಬ್ಬರು ಒಂದೂವರೆ ಕಿಲೊ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಒಳಗಿನಿಂದ ಇನ್ನೊಬ್ಬರು ನಾಲ್ಕೈದು ಪೆಟ್ಟು ಹೊಡೆದರೆ ಸಾಕು. ತೂತೇ ಅಗಲವಾಗಿದ್ದರೆ ಮುಂದಿನ ಅಳತೆಯ ರಿವೆಟ್.

ಪಂಪಿನ ಬಾಯಿಯ ಚೌಕಟ್ಟು ತಳಕ್ಕೆ ಕೂರುವ ಜಾಗ ಇಡೀ ದೋಣಿಯಲ್ಲಿ ತಾಳ್ಮೆ ಬೇಡುವ ಕೆಲಸ. ಹಳೆಯ ಸಿಲಿಕೋನ್ ಇದ್ದರೆ ಕೊನೆಯ ಎಳೆಯವರೆಗೆ ಕೆರೆದು ತೆಗೆಯಿರಿ, ಅದರ ಜಿಡ್ಡಿನ ಮೇಲೆ ಬೇರೇನೂ ಅಂಟುವುದಿಲ್ಲ. ಬಚ್ಚಲಿಗೆ ಹಾಕುವ, ಹುಳಿ ವಾಸನೆಯ ಸಿಲಿಕೋನ್ ಆಮ್ಲ ಬಿಟ್ಟು ಅಲ್ಯೂಮಿನಿಯಂ ಕೆಡಿಸುತ್ತದೆ. ಬೇಕಾದ್ದು ಮೆರೈನ್ ದರ್ಜೆಯ ಪಾಲಿಯುರೆಥೇನ್ ಸೀಲೆಂಟ್. ಚೌಕಟ್ಟನ್ನು ಮೊದಲು ಒಣಗೇ ಕೂರಿಸಿ, ಸುತ್ತ ಫೀಲರ್ ಗೇಜ್ ಹಾಯಿಸಿ. ಬೆಸುಗೆಯ ಬಿಸಿಗೆ ತಳ ಬಾಗಿ 1 ಮಿ.ಮೀ.ಗಿಂತ ಹೆಚ್ಚು ಸಂದು ಇದ್ದರೆ ಸೀಲೆಂಟ್ ಅದನ್ನು ಹೊರಲಾರದು. ಒಳಗಿನಿಂದ 6 ಮಿ.ಮೀ. ಪಟ್ಟಿಯ ಚೌಕ ಬೆಸೆದು ನೇರ ಮಾಡಬೇಕು. 8 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟುಗಳು 60ರಿಂದ 70 ಮಿ.ಮೀ.ಗೆ ಒಂದರಂತೆ. ಪ್ರತಿ ತೂತಿನ ಬಾಯಿಯನ್ನು ದೊಡ್ಡ ಡ್ರಿಲ್ಲಿನಿಂದ ಸ್ವಲ್ಪ ಅಗಲಿಸಿ. ಆ ಬಟ್ಟಲಲ್ಲಿ ನಿಂತ ಸೀಲೆಂಟೇ ಬೋಲ್ಟಿಗೆ ಓ-ರಿಂಗ್ ಆಗುತ್ತದೆ.

ತಪ್ಪುವುದು ಬಿಗಿಯುವಾಗ. ಒಮ್ಮೆಲೇ ಪಾನಾ ಹಾಕಿ ಎಳೆದರೆ ಸೀಲೆಂಟೆಲ್ಲ ಹೊರಗೆ ಉಕ್ಕಿ, ಲೋಹಕ್ಕೆ ಲೋಹ ತಾಗಿ, ನಡುವೆ ಏನೂ ಉಳಿಯುವುದಿಲ್ಲ. ಮೊದಲ ದಿನ ಒಂದು ಮಿಲಿಮೀಟರ್ ಪದರ ಉಳಿಯುವಷ್ಟು ಮಾತ್ರ ಕೈಬಿಗಿ. ಒಂದು ದಿನ ಬಿಟ್ಟು ಕಾಲು ಸುತ್ತಿನಿಂದ ಅರ್ಧ ಸುತ್ತು. ಆಗ ನಟ್ಟು ಮಾತ್ರ ತಿರುಗಬೇಕು, ಬೋಲ್ಟಿನ ತಲೆ ಅಲುಗಬಾರದು, ಅಲುಗಿದರೆ ಅದರ ಸುತ್ತ ಹಿಡಿದ ಸೀಲೆಂಟ್ ಹರಿಯುತ್ತದೆ. ಈ ಸೀಲೆಂಟ್ ಗಾಳಿಯ ತೇವದಿಂದ ಗಟ್ಟಿಯಾಗುವಂಥದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಅದು ನಿಧಾನ. ಸುತ್ತ ಒದ್ದೆ ಗೋಣಿಚೀಲ ತೂಗುಹಾಕಿ. ಬಗೆಗೆ ತಕ್ಕಂತೆ ಪೂರ್ತಿ ಹಿಡಿಯಲು ಎರಡು ದಿನದಿಂದ ಒಂದು ವಾರ ಬೇಕು.

ಮೆತ್ತನೆಯ ಪದರ ಯಾಕೆ ಬೇಕು ಎನ್ನುವುದಕ್ಕೆ ನಮ್ಮ ಬಿಸಿಲೇ ಕಾರಣ. ದಡದ ಬಿಸಿಲಿಗೆ ನಿಂತ ತಗಡು 65 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಯ ನೀರಿಗೆ ಇಳಿಸಿದ ಕೂಡಲೇ ನಾಲ್ಕು ಮೀಟರಿನ ತಳ ಮೂರೂವರೆ ಮಿಲಿಮೀಟರಿಗಿಂತ ಹೆಚ್ಚು ಕುಗ್ಗುತ್ತದೆ. ಕಲ್ಲಿನಂತೆ ಗಟ್ಟಿಯಾಗುವ ಯಾವ ಅಂಟೂ ಇದನ್ನು ದಿನಾ ತಾಳುವುದಿಲ್ಲ. ಡಾಂಬರು ಬಾಗುತ್ತದೆ ನಿಜ, ಆದರೆ ಆ 65 ಡಿಗ್ರಿಯಲ್ಲಿ ಅದು ಇಳಿದುಹೋಗುತ್ತದೆ.

ಶಾಫ್ಟ್ ಸೀಲ್ ಬದಲಿಸುವ ಮೊದಲು ಶಾಫ್ಟಿನ ನೇರ ನೋಡದಿದ್ದರೆ ಹೊಸ ಸೀಲಿನ ದುಡ್ಡೂ ನೀರುಪಾಲು. ಎಂಜಿನ್ನನ್ನು ಶಾಫ್ಟಿಗೆ ಕೂಡಿಸುವ ಕಪ್ಲಿಂಗಿನ ಎರಡು ಮುಖಗಳ ನಡುವೆ ನಾಲ್ಕೂ ದಿಕ್ಕಿನಲ್ಲಿ ಫೀಲರ್ ಗೇಜ್ ಹಾಕಿ, 100 ಮಿ.ಮೀ. ವ್ಯಾಸದ ಕಪ್ಲಿಂಗಿಗೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಂಜಿನ್ನಿನ ಕಾಲಡಿ ತೆಳು ತಗಡು (ಶಿಮ್) ಕೊಟ್ಟು ಸರಿಪಡಿಸಿ. ಎಂಜಿನ್ ಕೂತ ರಬ್ಬರ್ ಕುಸಿದಿದ್ದರೆ ಅದೇ ಮೂಲ ಕಾರಣ. ಆಯಿಲ್ ಸೀಲ್ ಇರುವ ಜೋಡಣೆಯಲ್ಲಿ ಎರಡು ಸೀಲುಗಳ ನಡುವೆ ಗ್ರೀಸ್ ತುಂಬಿರಬೇಕು, ತುಟಿ ನೀರಿನ ಕಡೆ ನೋಡಬೇಕು. ಶಾಫ್ಟಿನ ಮೇಲೆ ಉಗುರಿಗೆ ಸಿಗುವ ಗೆರೆ ಬಿದ್ದಿದ್ದರೆ ಸೀಲನ್ನು ಎರಡು ಮಿಲಿಮೀಟರ್ ಸರಿಸಿ ಕೂರಿಸಿ ಅಥವಾ ತೆಳು ಸ್ಟೇನ್‌ಲೆಸ್ ತೋಳು ತೊಡಿಸಿ. ಕಾರ್ಬನ್ ರಿಂಗ್ ಬಗೆಯಾದರೆ ರಿಂಗಿನ ಮುಖಕ್ಕೆ ಗೀರು, ಅದನ್ನು ಒತ್ತಿ ಹಿಡಿಯುವ ಮಡಿಕೆಯ ರಬ್ಬರ್ ತೋಳಿಗೆ (ಬೆಲ್ಲೋಸ್) ಸೀಳು ಇದೆಯೇ ನೋಡಿ. ಬೆಲ್ಲೋಸ್ ಒತ್ತಿ ಹಿಡಿಯುವ ಬಲ ಕಳೆದುಕೊಂಡರೆ ರಿಂಗ್ ಚೆನ್ನಾಗಿದ್ದರೂ ನೀರು ಬರುತ್ತದೆ.

ಇವೆರಡೂ ಸಿಗದಿದ್ದರೆ ಶಾಫ್ಟಿನ ಸುತ್ತ ತುಂಬುವ ಗ್ಲ್ಯಾಂಡ್ ಹಗ್ಗ. ಪಂಪ್‌ಸೆಟ್ ರಿಪೇರಿಯವರಿಗೆ ಕೈತುಂಬ ಗೊತ್ತಿರುವ ಕೆಲಸವಿದು, ಕೊಪ್ಪಳದಲ್ಲಿ ಬಿಡಿಭಾಗ ಹುಡುಕಿ ಸಾಯಬೇಕಿಲ್ಲ ಎನ್ನುವುದೇ ಇದರ ದೊಡ್ಡ ಗುಣ. ಹಗ್ಗವನ್ನು ಸುರುಳಿಯಾಗಿ ತುರುಕಬೇಡಿ. ಒಂದೊಂದೇ ಉಂಗುರ, ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಕೂಡುಜಾಗ ಇನ್ನೊಂದರ ಮೇಲೆ ಬರದಂತೆ ಕಾಲು ಸುತ್ತು ತಿರುಗಿಸಿ ಕೂರಿಸಿ. ಇದು ಪೂರ್ತಿ ಒಣಗಿರಬಾರದು. ಓಡುವಾಗ ನಿಮಿಷಕ್ಕೆ ಹತ್ತು ಹನಿ ಬೀಳಲಿ, ಅದೇ ಅದರ ತಂಪು. ಹನಿಯೂ ಬೀಳದಂತೆ ಬಿಗಿದರೆ ಹಗ್ಗ ಸುಟ್ಟು ಶಾಫ್ಟ್ ಕೊರೆಯುತ್ತದೆ.

ತಾನಾಗಿ ಹುಟ್ಟುವ ತೂತುಗಳ ಬಗ್ಗೆ ಎರಡು ಮಾತು. ಅಲ್ಯೂಮಿನಿಯಂ ಪಕ್ಕ ಬೇರೆ ಲೋಹ, ನಡುವೆ ನೀರು ಬಂದರೆ ಸವೆಯುವುದು ಅಲ್ಯೂಮಿನಿಯಂ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ನಿಪ್ಪಲ್ ತಳಕ್ಕೆ ಹಾಕಬೇಡಿ. ವೈರಿಂಗ್ ಮಾಡುವಾಗ ಉದುರಿದ ತಾಮ್ರದ ಎಳೆ ಒಂದು ಒದ್ದೆ ಮೂಲೆಯಲ್ಲಿ ಉಳಿದರೂ ತಿಂಗಳೊಪ್ಪತ್ತಿನಲ್ಲಿ ಗುಂಡಿ ಬೀಳುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ವಾಷರ್ ಕೊಡಿ. ಬ್ಯಾಟರಿಯ ನೆಗೆಟಿವ್ ಎಂಜಿನ್ನಿಗೆ ಮಾತ್ರ ಹೋಗಲಿ, ಒಡಲನ್ನು ಅರ್ಥಿಂಗ್ ಮಾಡಬೇಡಿ. ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ (ಒಡಲಿನ ಬದಲು ತಾನು ಸವೆಯುವ ತುಂಡು) ಕಟ್ಟಿ, ಅದಕ್ಕೆ ಬಣ್ಣ ಬಳಿಯಬೇಡಿ. ತಳಹಲಗೆಯ ಕೆಳಗೆ ಕೂತ ಹೂಳು, ಸಂಡೂರು ಕಡೆಯ ರಸ್ತೆಯಲ್ಲಿ ಹತ್ತಿದ ಅದಿರಿನ ಧೂಳು, ಎರೆಮಣ್ಣು ಒದ್ದೆ ಬಟ್ಟೆಯಂತೆ ತೇವ ಹಿಡಿದು ಕೂರುತ್ತವೆ. ಅವುಗಳ ಅಡಿಯಲ್ಲಿ ತಗಡು ಬೂದಿಯಾಗುತ್ತದೆ. ತೊಳೆಯಲು ಬರೀ ನೀರು ಸಾಕು. ವಾಷಿಂಗ್ ಸೋಡಾ, ಬ್ಲೀಚಿಂಗ್ ಪುಡಿ ದೂರ ಇಡಿ, ಸಿಮೆಂಟ್ ಚೀಲ ಸಾಗಿಸಲು ಈ ದೋಣಿ ಕೊಡಬೇಡಿ.

ನೀರಿನ ಮೇಲೇ ತೂತು ಬಿದ್ದರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಮುಚ್ಚಿದ್ದನ್ನು ಈ ಭಾಗದವರೆಲ್ಲ ಉಸಿರು ಬಿಗಿಹಿಡಿದು ನೋಡಿದ್ದಾರೆ. ಇಳಿಬಿಟ್ಟ ತುಂಡನ್ನು ಅದರ ಕಾಲುವೆಗೆ ಒತ್ತಿ ಹಿಡಿದದ್ದು ನೀರಿನ ಬಲವೇ. ದೋಣಿಗೂ ಹಾಗೇ. ಒಳಗಿನಿಂದ ಒತ್ತಿದ ಬಟ್ಟೆಯನ್ನು ನೀರು ಕಿತ್ತೆಸೆಯುತ್ತದೆ, ಹೊರಗಿನಿಂದ ಇಟ್ಟ ಟ್ಯೂಬ್ ರಬ್ಬರನ್ನು ನೀರೇ ಒತ್ತಿ ಹಿಡಿಯುತ್ತದೆ. ಎಂಜಿನ್ ಮೊದಲು ನಿಲ್ಲಿಸಿ. ಹೋಸು ಕಳಚಿದ್ದಾದರೆ ಅಲ್ಲಿಗೇ ಸೋರಿಕೆ ನಿಂತಿತು, ರಬ್ಬರು ಪಂಪಿನ ಬಾಯಿಗೆ ಸಿಗುವ ಭಯವೂ ಇಲ್ಲ. ಮೂರು ಅಳತೆಯ ಮರದ ಬೆಣೆ, ಒಂದು ಮೊಳ ಟ್ಯೂಬ್ ರಬ್ಬರ್, ನಾಲ್ಕು ಹೋಸ್ ಕ್ಲಿಪ್, ಬಕೆಟ್ಟು, ಎಲ್ಲರಿಗೂ ಲೈಫ್ ಜಾಕೆಟ್ ದೋಣಿಯಲ್ಲೇ ಇರಲಿ.

ನೀರಿಗಿಳಿಸುವ ಜಾಗದ ವಿಚಾರ. ಬಂಡೆಗಳ ಉದಾಹರಣೆಗೆ ಮೊದಲು ಹೇಳಿದ ಕಂಪ್ಲಿ ಕಡೆಯ ಹೊಳೆ ಇಳಿಸುವ ಜಾಗವಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೊಮೀಟರ್ ಹೊಳೆ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಿದೆ. ಜೆಟ್ಟಿನ ಸದ್ದೂ ಎಣ್ಣೆಯೂ ಅಲ್ಲಿಗೆ ಸಲ್ಲದು, ಅಲ್ಲಿ ಇಳಿಸಲೇಬೇಡಿ. ಬೇರೆಡೆಯೂ ಎಂಜಿನ್ ದೋಣಿಗೆ ನೋಂದಣಿ, ನೀರಿನ ಒಡೆತನದ ಇಲಾಖೆಯ ಅನುಮತಿ ಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಪರೀಕ್ಷೆ ಮಾಡಿದರೆ ಹಾಳೆ ಹರಿದು ರೈತರಿಗೆ ನಷ್ಟ. ಒಪ್ಪಿಗೆ ಸಿಕ್ಕ, ಎರಡೂವರೆ ಅಡಿಗೆ ಕಡಿಮೆಯಿಲ್ಲದ ನಿಂತ ನೀರು ಬೇಕು. ಅದಕ್ಕಿಂತ ಆಳ ಕಡಿಮೆಯಾದರೆ ನಿಂತಲ್ಲೇ ಪಂಪು ಕಲ್ಲು ಮರಳು ನುಂಗುತ್ತದೆ.

ತಳಹಲಗೆ ತೆಗೆದಿಟ್ಟು, ಒಳಗೆ ಪೂರ್ತಿ ಒರೆಸಿ, ಪ್ರತಿ ಕೂಡುಜಾಗದ ಕೆಳಗೆ ಒಂದೊಂದು ತುಂಡು ನ್ಯೂಸ್‌ಪೇಪರ್ ಇಡಿ. ಮೊದಲು ಎಂಜಿನ್ ಇಲ್ಲದೆ ಅರ್ಧ ಗಂಟೆ. ಆಮೇಲೆ ಹಗ್ಗ ಕಟ್ಟಿ ಐಡಲ್‌ನಲ್ಲಿ ಹತ್ತು ನಿಮಿಷ. ಆಮೇಲೆ ಹಗ್ಗ ಬಿಚ್ಚಿ ವೇಗದಲ್ಲಿ ಐದು ನಿಮಿಷ, ನಿಲ್ಲಿಸಿ ಮತ್ತೆ ಹತ್ತು ನಿಮಿಷ ಕಾಯಿರಿ. ಪ್ರತಿ ಹಂತದಲ್ಲೂ ಬಂದ ನೀರನ್ನು ಸ್ಪಂಜಿನಲ್ಲಿ ಹಿಂಡಿ ಅಳೆಯಿರಿ. ಎಣ್ಣೆ ಬೆರೆತಿದ್ದರೆ ಕ್ಯಾನಿಗೆ ಸುರಿದು ದಡಕ್ಕೆ ತನ್ನಿ. ಗ್ಲ್ಯಾಂಡ್ ಹಗ್ಗದ ದೋಣಿಗೆ ಒಂದು ಟೀ ಲೋಟದ ಒಳಗೆ ಬಂದರೆ ಸರಿ, ಬೇರೆ ಸೀಲಿನದಕ್ಕೆ ಕಾಗದ ಒಣಗಿರಬೇಕು. ತಾರೀಖು, ಹಂತ, ಅಳತೆ ಮೂರನ್ನೂ ಒಡಲಿನ ಒಳಗೋಡೆಗೆ ಮಾರ್ಕರಿನಲ್ಲಿ ಬರೆದಿಡಿ, ಆಮೇಲೆ ತಳಹಲಗೆ ಹಾಕಿ.